ಐಫೋನ್ ಅಪ್‌ಡೇಟ್ ಫೇಲ್ ಆಗ್ತಿದ್ರೆ ಮೊದಲು ಇದನ್ನು ಅಳಿಸಿ
ಅಪ್‌ಡೇಟ್ ಡೌನ್‌ಲೋಡ್ ಆದಮೇಲೂ ಇನ್‌ಸ್ಟಾಲ್ ಆಗದೆ ನಿಂತರೆ, ಸುಮ್ನೆ ಅದೇ ಬಟನ್ ಒತ್ತುತ್ತಾ ಕೂರಬೇಡಿ. ಇಳಿಸಿಕೊಂಡ ಫೈಲನ್ನು ಅಳಿಸಿ ಹೊಸದಾಗಿ ಇಳಿಸಿ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಐಫೋನ್ ಸ್ಟೋರೇಜ್. ಪಟ್ಟಿ ತುಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಯಿರಿ. ವಾಟ್ಸಾಪ್, ಫೋಟೋಸ್ ಇತ್ಯಾದಿಗಳ ಮಧ್ಯೆ ಗೇರ್ ಚಿತ್ರದ ಜೊತೆ ಐಓಎಸ್ ಅಂತ, ಪಕ್ಕದಲ್ಲೇ ಹೊಸ ಆವೃತ್ತಿಯ ನಂಬರ್ ಇರುವ ಸಾಲು ಕಾಣುತ್ತದೆ. ಅದನ್ನು ಒತ್ತಿ ಡಿಲೀಟ್ ಅಪ್‌ಡೇಟ್ ಕೊಡಿ. (ತೀರಾ ಕೆಳಗೆ ಬರುವ ಐಓಎಸ್ ಬೇರೆ. ಅದು ಫೋನಿನ ಸಿಸ್ಟಮ್ಮೇ, ಅಳಿಸಲು ಬರುವುದಿಲ್ಲ.) ಫೋಟೋ, ಚಾಟ್ ಏನೂ ಹೋಗುವುದಿಲ್ಲ. ಆಮೇಲೆ ಚಾರ್ಜರ್ ಹಾಕಿ, ವೈಫೈನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ ಮತ್ತೆ ಇಳಿಸಿ. ನಡುವೆ ನೆಟ್ ತುಂಡಾಗಿ ಫೈಲ್ ಕೆಟ್ಟಿದ್ದರೆ ಫೋನು ಅದೇ ಕೆಟ್ಟ ಫೈಲನ್ನು ಹಿಡಿದುಕೊಂಡು ಒದ್ದಾಡುತ್ತಿರುತ್ತದೆ, ಹೊಸದು ಸಿಕ್ಕರೆ ಸರಿಹೋಗುತ್ತದೆ. ಡೌನ್‌ಲೋಡೇ ಶುರುವಾಗದಿದ್ದರೆ ಈ ಉಪಾಯ ನಡೆಯದು. ಆಗ ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಆ್ಯಪ್) ಹಾಕಿಕೊಂಡಿದ್ದರೆ ಆಫ್ ಮಾಡಿ ನೋಡಿ, ಅಥವಾ ಬೇರೆ ವೈಫೈ ಹಿಡಿಯಿರಿ. ಜಾಗ ಸಾಲದಿದ್ದರೂ ಅಷ್ಟೇ, ಇದರಿಂದ ಉಪಯೋಗವಿಲ್ಲ. ಬ್ಯಾಕಪ್ ತೆಗೆದು, ಕೇಬಲ್ ಹಾಕಿ ಕಂಪ್ಯೂಟರ್‌ನಿಂದ ಅಪ್‌ಡೇಟ್ ಮಾಡಿ. ಫೈಲ್ ಕಂಪ್ಯೂಟರ್‌ನಲ್ಲಿ ಇಳಿಯುವುದರಿಂದ ಫೋನಿನಲ್ಲಿ ಜಾಸ್ತಿ ಜಾಗ ಬೇಕಾಗುವುದಿಲ್ಲ.