ಮಧ್ಯಾಹ್ನದ ಊಟದ ಹೊತ್ತಿಗೆ ಡಲ್ಲಾಸ್‌ನಲ್ಲಿ ಕರೆಂಟ್ ಹೋಯಿತು

ನಾವು ಮೈಸೂರಿನವರು 12 ಡಿಗ್ರಿಗೇ ಮಂಕಿ ಟೋಪಿ ಹುಡುಕುವವರು. ಅಂಥ ನಾನು 2021ರ ಫೆಬ್ರವರಿಯಲ್ಲಿ ಕುವೆಂಪುನಗರದ ಮನೆಯ ವರಾಂಡದಲ್ಲಿ ಕೂತು, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಡಲ್ಲಾಸ್ ಹತ್ತಿರ ಇರುವ ಮಗಳ ಮನೆಯನ್ನು ಮೂರು ರಾತ್ರಿ ಕಾದಿದ್ದೇನೆ. ಫೋನಿನಲ್ಲೇ. ಬೆಳಿಗ್ಗೆ ವಾಕಿಂಗ್‌ಗೆ ಬರುವ ಗೆಳೆಯರೊಬ್ಬರ ಮಗ ಈಗ ಅದೇ ಕಡೆ ಕೆಲಸಕ್ಕೆ ಹೋಗಿದ್ದಾನೆ. ಅಲ್ಲಿ ಮಂಜುಗಡ್ಡೆ ಮಳೆ, ಭಾರಿ ಚಳಿ ಅಂತ ಮುನ್ಸೂಚನೆ ಬಂದಿದೆಯಂತೆ. ನೀವು ಆಗ ಏನೇನು ಮಾಡಿದ್ರಿ ಸ್ವಲ್ಪ ಬರೆದುಕೊಡಿ ಅಂದರು. ಅವರಿಗೆ ಅಂತ ಶುರು ಮಾಡಿದ್ದು, ಉದ್ದವಾಯಿತು.

ನಾನು ಕರೆಂಟಿನ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಮಂಡ್ಯ, ಮಳವಳ್ಳಿ, ಮೈಸೂರು ಎಲ್ಲ ಸುತ್ತಿದ್ದೇನೆ. ಕರೆಂಟ್ ಹೋದರೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಹಮ್ಮು ಇತ್ತು. ಅದು ಹೇಗೆ ಇಳಿಯಿತು ಅಂತಲೂ ಹೇಳುತ್ತೇನೆ.

ಮೊದಲು ಎಡವಿದ್ದು ಡಿಗ್ರಿಯಲ್ಲಿ. ಮಗಳು ಫೋನ್ ಮಾಡಿ, "ಅಪ್ಪಾ, ಮುಂದಿನ ವಾರ ಸೊನ್ನೆ ತನಕ ಇಳಿಯುತ್ತಂತೆ" ಅಂದಳು. ಸೊನ್ನೆ ತಾನೆ, ಫ್ರಿಜ್ಜಿನ ಥರ, ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ ಅಂದೆ. ಅವಳು ಹೇಳಿದ್ದು ಫ್ಯಾರನ್‌ಹೀಟ್. ಅದರಲ್ಲಿ ನೀರು ಗಟ್ಟಿಯಾಗುವುದೇ 32ಕ್ಕೆ. ಅವರ ಸೊನ್ನೆ ಅಂದರೆ ನಮ್ಮ ಮೈನಸ್ 18. ಇದು ಗೊತ್ತಾದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಕೊನೆಗೆ 16ನೇ ತಾರೀಖು ಬೆಳಿಗ್ಗೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್ ದಾಖಲಾಯಿತು, ನಮ್ಮ ಲೆಕ್ಕದಲ್ಲಿ ಮೈನಸ್ 19. ಹಾಗಾಗಿ ಮಕ್ಕಳು ಡಿಗ್ರಿ ಹೇಳಿದರೆ ಮೊದಲು ಯಾವ ಡಿಗ್ರಿ ಅಂತ ಕೇಳಿ.

ಆಮೇಲೆ ಆ ಪದಗಳು. ಅಲ್ಲಿ 'ವಾಚ್' ಅಂದರೆ ಬರಬಹುದು, ಎಚ್ಚರ ಇರಲಿ ಅಂತ. 'ವಾರ್ನಿಂಗ್' ಅಂದರೆ ಬರುವುದು ಹೆಚ್ಚುಕಡಿಮೆ ಖಚಿತ, ಇಲ್ಲ ಆಗಲೇ ಶುರುವಾಗಿದೆ ಅಂತ. ಆ ಸಲ ಟೆಕ್ಸಾಸ್‌ನ 254 ಕೌಂಟಿಗಳಿಗೂ, ಅಂದರೆ ಅಲ್ಲಿನ ಜಿಲ್ಲೆಗಳಿಗೆಲ್ಲ, ವಾರ್ನಿಂಗ್ ಕೊಟ್ಟುಬಿಟ್ಟರು. ನನ್ನ ಕೇಳಿದರೆ ವಾಚ್ ಬಂದ ದಿನವೇ ಕೆಲಸ ಶುರು ಮಾಡಬೇಕು. ವಾರ್ನಿಂಗ್ ಬರುವ ಹೊತ್ತಿಗೆ ಅಂಗಡಿಯಲ್ಲಿ ಬ್ರೆಡ್ಡೂ ಇರಲ್ಲ, ಬ್ಯಾಟರಿಯೂ ಇರಲ್ಲ.

11ನೇ ತಾರೀಖು ಒಂದು ಕೆಟ್ಟ ಸುದ್ದಿ ಬಂತು. ಫೋರ್ಟ್ ವರ್ತ್‌ನ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ಗಾಡಿಗಳು ಒಂದರ ಮೇಲೊಂದು ಬಿದ್ದು ಆರು ಜನ ಸತ್ತಿದ್ದರು. ಹಿಮಕ್ಕಲ್ಲ, ಮಳೆಗೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೇಲುಗಡೆ ಸ್ವಲ್ಪ ಬೆಚ್ಚಗಿನ ಗಾಳಿ ಇರುತ್ತೆ, ಅದರಲ್ಲಿ ಹಿಮ ಕರಗಿ ಮಳೆ ಹನಿಯಾಗುತ್ತೆ. ನೆಲದ ಹತ್ತಿರ ಮಾತ್ರ ತೆಳ್ಳಗೆ ಒಂದು ಪದರ ಕೊರೆಯುವ ಗಾಳಿ. ಹನಿಗೆ ಗಟ್ಟಿಯಾಗಲು ಪುರುಸೊತ್ತಿಲ್ಲ, ನೀರಾಗೇ ಬರುತ್ತೆ, ಬಂದು ತಾಗಿದ ಕಡೆ ಗಾಜಿನ ಥರ ಹಿಡಿದುಕೊಳ್ಳುತ್ತೆ. ರಸ್ತೆ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತೆ ಅಷ್ಟೆ. ಸೇತುವೆ, ಫ್ಲೈಓವರ್ ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಕೆಳಗಿನಿಂದಲೂ ಗಾಳಿ ಹೊಡೆಯುತ್ತೆ. ಅದೇ ಗಾಜು ಮರದ ಕೊಂಬೆಗೂ ಹಿಡಿಯುತ್ತೆ, ತಂತಿಗೂ ಹಿಡಿಯುತ್ತೆ. ನಮ್ಮಲ್ಲಿ ಏಪ್ರಿಲ್ ಗಾಳಿಮಳೆಗೆ ಕೊಂಬೆ ಮುರಿದು ಲೈನ್ ಮೇಲೆ ಬೀಳುವುದನ್ನು ಎಷ್ಟೋ ನೋಡಿದ್ದೇನೆ, ಅಲ್ಲಿ ಗಾಳಿಯೇ ಬೇಕಿಲ್ಲ, ಭಾರಕ್ಕೇ ಮುರಿಯುತ್ತೆ. ಆವತ್ತೇ ಅಳಿಯಂದಿರಿಗೆ ಹೇಳಿದೆ, ಇನ್ನು ಕಾರು ಮುಟ್ಟಬೇಡಿ, ಟ್ಯಾಂಕ್ ಮಾತ್ರ ತುಂಬಿಸಿ ಇಡಿ ಅಂತ.

ಸಿಕ್ಕ ಎರಡು ಮೂರು ದಿನದಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡದ್ದು ನೀರಿನ ಪೈಪಿಗೆ. ಟೆಕ್ಸಾಸ್‌ನ ಮನೆಗಳನ್ನು ಸೆಕೆಗೆ ಅಂತ ಕಟ್ಟಿರುತ್ತಾರೆ. ಪೈಪು ಎಷ್ಟೋ ಕಡೆ ಅಟ್ಟದಲ್ಲಿ, ಹೊರಗೋಡೆಯಲ್ಲಿ ಓಡಿರುತ್ತೆ. ನೀರು ಮಂಜುಗಡ್ಡೆಯಾದರೆ ಸುಮಾರು ಶೇ. 9ರಷ್ಟು ಉಬ್ಬುತ್ತೆ. ಪೈಪು ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಗಡ್ಡೆ ಬೆಳೆಯುತ್ತಾ ಹೋದ ಹಾಗೆ ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಒತ್ತಡ ಏರಿ, ಅಲ್ಲಿ ಎಲ್ಲೋ ಒಡೆಯುತ್ತೆ. ಅದಕ್ಕೇ ನಲ್ಲಿಯನ್ನು ಸ್ವಲ್ಪ ತೊಟ್ಟಿಕ್ಕಲು ಬಿಡಿ ಅಂತ ಹೇಳುವುದು. ನೀರು ಹರಿಯುತ್ತಿದ್ದರೆ ಬೇಗ ಹೆಪ್ಪುಗಟ್ಟಲ್ಲ, ಹೆಪ್ಪುಗಟ್ಟಿದರೂ ಒತ್ತಡಕ್ಕೆ ದಾರಿ ಇರುತ್ತೆ.

ಮನೆ ಹೊರಗಿನ ನಲ್ಲಿಗೆ ಹಾಕುವ ಥರ್ಮಕೋಲ್ ಟೋಪಿ ಅಂಗಡಿಯಲ್ಲಿ ಖಾಲಿ. ಹಳೇ ಟವೆಲ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಟೇಪ್ ಹೊಡೆದರು. ವಿಡಿಯೋದಲ್ಲಿ ನೋಡಿದರೆ ಗಾಯಕ್ಕೆ ಬ್ಯಾಂಡೇಜ್ ಕಟ್ಟಿದ ಹಾಗೆ ಕಾಣುತ್ತಿತ್ತು. ತೋಟದ ಹೋಸ್ ಪೈಪ್ ಬಿಚ್ಚಿಟ್ಟರು. ಬಾತ್ ಟಬ್, ಬಕೆಟ್, ಕುಕ್ಕರ್, ಇಡ್ಲಿ ಪಾತ್ರೆ ಎಲ್ಲಕ್ಕೂ ನೀರು. ಸಿಂಕ್ ಕೆಳಗಿನ ಬಾಗಿಲು ತೆರೆದಿಟ್ಟರು, ಒಳಗಿನ ಪೈಪಿಗೂ ಮನೆಯ ಬಿಸಿ ತಾಗಲಿ ಅಂತ.

ಇಡೀ ಮನೆಯ ನೀರು ಬಂದ್ ಮಾಡುವ ವಾಲ್ವ್ ಎಲ್ಲಿದೆ ಅಂತ ಕೇಳಿದೆ. ಆ ಮನೆಯಲ್ಲಿ ನಾಲ್ಕು ವರ್ಷ ಇದ್ದಾರೆ, ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಮುಂದಿನ ಹುಲ್ಲಿನಲ್ಲಿ, ನೆಲದೊಳಗೆ ಒಂದು ಡಬ್ಬಿಯಲ್ಲಿ, ಮಣ್ಣು ತುಂಬಿಕೊಂಡು ಕೂತಿತ್ತು. ಕೆದಕಿ ತೆಗೆದು, ಸ್ಪ್ಯಾನರ್ ಹಾಕಿ ಒಂದು ಸಲ ತಿರುಗಿಸಿ ನೋಡಿ ಅಂದೆ. ಮೈ ನಡುಗುವಾಗ ಕತ್ತಲಲ್ಲಿ ಮೊದಲನೇ ಸಲ ಹುಡುಕುವ ಕೆಲಸವಲ್ಲ ಅದು. ಇದೊಂದನ್ನು ಮಾತ್ರ ನಾನು ಸರಿಯಾಗಿ ಹೇಳಿದೆ.

ಉಳಿದದ್ದು ಬೇಗ ಹೇಳುತ್ತೇನೆ. ಚಿಕ್ಕ ರೂಮೊಂದನ್ನು ಆರಿಸಿ, ಕಿಟಕಿಗೆ ರಜಾಯಿ ಹೊಡೆದು, ಬಾಗಿಲ ಸಂದಿಗೆ ಟವೆಲ್ ತುರುಕಿ, ಎಲ್ಲರೂ ಅದರಲ್ಲೇ. ಮೂರು ವರ್ಷದ ಮೊಮ್ಮಗನಿಗೆ ಮೇಜಿನ ಮೇಲಿಂದ ಕಂಬಳಿ ಇಳಿಬಿಟ್ಟು ಕೆಳಗೆ ಗುಡಿಸಲು. ಫ್ಲಾಸ್ಕ್ ತುಂಬ ಬಿಸಿನೀರು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಹೇಗೂ ಇತ್ತು, ನಮ್ಮನೆಯವರು ಕಳಿಸಿದ್ದು. ಒಲೆ ಗ್ಯಾಸಿನದೇ, ಆದರೆ ಹೊತ್ತಿಸುವ ಕಿಡಿ ಕರೆಂಟಿನದು. ಬೆಂಕಿಪೊಟ್ಟಣ ಸಿಕ್ಕಿದ್ದು ದೇವರ ಗೂಡಿನಲ್ಲಿ. ಮನೆ ಕಾಯಿಸುವ ಹೀಟರ್ ಕೂಡ ಗ್ಯಾಸೇ. ಆದರೆ ಆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಬೇಕು. ಅಂದರೆ ಗ್ಯಾಸ್ ಇದ್ದೂ ಮನೆ ತಣ್ಣಗೆ. ಇದು ಎಷ್ಟೋ ಜನಕ್ಕೆ ಆ ರಾತ್ರಿಯೇ ಗೊತ್ತಾಗಿದ್ದು.

ಈಗ ಕಾವಲಿನ ವಿಷಯ. ಡಲ್ಲಾಸ್‌ಗಿಂತ ಮೈಸೂರು ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಮುಂದೆ. ಅವರ ರಾತ್ರಿ ನಮಗೆ ಹಗಲು. ಅವರಿಬ್ಬರೂ ನಿದ್ದೆಗೆಟ್ಟು ಕಾಯುವ ಬದಲು ನಾನು ಕಾಯುತ್ತೇನೆ ಅಂದೆ. ಎರಡು ಗಂಟೆಗೊಮ್ಮೆ ಫೋನ್ ಮಾಡುವುದು, ಎರಡು ನಿಮಿಷ ಮಾತ್ರ, ಚಾರ್ಜ್ ಉಳಿಯಬೇಕಲ್ಲ. ಮೊಮ್ಮಗನ ಕೈ ಕಾಲು ಬೆಚ್ಚಗಿದೆಯಾ ನೋಡುವುದು. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆಯಾ ಕೇಳುವುದು. ಅದಕ್ಕೊಂದು ಉಪಾಯ ಮಾಡಿದ್ದೆ. ನಲ್ಲಿ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿಸಿದ್ದೆ. ಫೋನಿನಲ್ಲಿ ಟಣ್, ಟಣ್ ಅಂತ ಕೇಳಿಸುತ್ತಿತ್ತು.

15ನೇ ತಾರೀಖು ಸೋಮವಾರ, ಮಧ್ಯಾಹ್ನ ಒಂದೂವರೆ, ನಾನು ಹುಳಿ ಅನ್ನ ಕಲಸುತ್ತಿದ್ದೆ. ಅಲ್ಲಿ ರಾತ್ರಿ ಎರಡು. ಮಗಳ ಮೆಸೇಜ್: ಕರೆಂಟ್ ಹೋಯ್ತು. ನಾನು ಧೈರ್ಯವಾಗಿ ಬರೆದೆ, ಲೋಡ್ ಶೆಡ್ಡಿಂಗ್ ಅಷ್ಟೆ, ಫೀಡರ್ ಬದಲಾಯಿಸುತ್ತಾರೆ, ಎರಡು ಗಂಟೆಯಲ್ಲಿ ಬರುತ್ತೆ. ಫೀಡರ್ ಅಂದರೆ ಒಂದೊಂದು ಏರಿಯಾಗೆ ಕರೆಂಟ್ ಒಯ್ಯುವ ಲೈನು. ಎಷ್ಟು ವರ್ಷ ನಾನೇ ಮಾಡಿದ ಕೆಲಸ ಅಲ್ವಾ ಅದು. ಈ ಫೀಡರ್ ತೆಗಿ, ಆ ಫೀಡರ್ ಹಾಕು.

ಬರಲಿಲ್ಲ. ಸಂಜೆಗೂ ಬರಲಿಲ್ಲ. ಮಾರನೇ ದಿನ ಒಂದು ಮುಕ್ಕಾಲು ಗಂಟೆ ಬಂದು ಮತ್ತೆ ಹೋಯಿತು.

ಆಮೇಲೆ ಓದಿ ತಿಳಿದದ್ದು ಇದು. ಚಳಿಗೆ ಗ್ಯಾಸ್ ಬಾವಿಗಳ ಬಾಯಿ ಹೆಪ್ಪುಗಟ್ಟಿ, ವಿದ್ಯುತ್ ಸ್ಥಾವರಗಳಲ್ಲಿ ಅಳತೆ ಹಿಡಿಯುವ ಸಣ್ಣ ಕೊಳವೆಗಳು ಹೆಪ್ಪುಗಟ್ಟಿ, ಕರೆಂಟ್ ಉತ್ಪಾದನೆ ಸಾಲಾಗಿ ಬಿತ್ತು. ಒಂದು ಅಣು ಘಟಕ ಕೂಡ ಅಂಥದೇ ಒಂದು ಕೊಳವೆ ಹೆಪ್ಪುಗಟ್ಟಿ ನಿಂತಿತು. ಆಲೆಮನೆ ಗಾಣಕ್ಕೆ ಒಂದೇ ಸಲ ಜಾಸ್ತಿ ಕಬ್ಬು ತುರುಕಿದರೆ ಗಾಣ ನಿಧಾನ ಆಗುತ್ತಲ್ಲ, ಗ್ರಿಡ್ಡೂ, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ಕರೆಂಟ್ ಜಾಲವೂ, ಹಾಗೇ. ಅದರ ವೇಗದ ಅಳತೆ, ಅಂದರೆ ಫ್ರೀಕ್ವೆನ್ಸಿ, ಅಲ್ಲಿ 60 ಹರ್ಟ್ಸ್ ಇರಬೇಕಾದ್ದು 59.4ರ ಕೆಳಗೆ ಬಿದ್ದು ನಾಲ್ಕು ನಿಮಿಷಕ್ಕೂ ಮೇಲೆ ಹಾಗೇ ಇತ್ತು. ಒಂಬತ್ತು ನಿಮಿಷ ಆಗಿದ್ದರೆ ಉಳಿದ ಸ್ಥಾವರಗಳೂ ತಾವೇ ಕಳಚಿಕೊಂಡು ಇಡೀ ರಾಜ್ಯ ಕತ್ತಲಾಗುತ್ತಿತ್ತು. ಅದನ್ನು ತಪ್ಪಿಸಲು ಸಿಕ್ಕಷ್ಟು ಫೀಡರ್ ತೆಗೆದರು, 20,000 ಮೆಗಾವ್ಯಾಟ್ ತನಕ. ಅಷ್ಟು ತೆಗೆದ ಮೇಲೆ ಉಳಿಯುವುದು ಆಸ್ಪತ್ರೆ ಇರುವ ಫೀಡರ್, ನೀರಿನ ಪಂಪ್ ಇರುವ ಫೀಡರ್. ಅದನ್ನು ತೆಗೆಯುವ ಹಾಗಿಲ್ಲ. ಬದಲಾಯಿಸಲು ಕೈಯಲ್ಲಿ ಏನೂ ಇಲ್ಲ. ಕತ್ತಲಾದವರು ಕತ್ತಲಲ್ಲೇ. ನನ್ನ ಎರಡು ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಪಕ್ಕದ ರಾಜ್ಯದಿಂದ ತರಬಾರದಾ ಅಂತ ನಮ್ಮನೆಯವರು ಕೇಳಿದರು. ಟೆಕ್ಸಾಸ್ ಗ್ರಿಡ್ ಬೇರೆಯವರ ಜೊತೆ ಬೆರೆಯದೆ ಒಂಟಿಯಾಗಿದೆ, ಸ್ವಲ್ಪ ಕರೆಂಟ್ ಮಾತ್ರ ಹಾಯುವ ಒಂದೆರಡು ಡಿ.ಸಿ. ಕೊಂಡಿ ಬಿಟ್ಟರೆ. ನಮ್ಮ ದಕ್ಷಿಣದ ಗ್ರಿಡ್ಡೂ ಹಾಗೇ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನ್ ಸೇರಿದ ಮೇಲೆ ದೇಶಕ್ಕೆಲ್ಲ ಒಂದೇ ಗ್ರಿಡ್ ಆದದ್ದು. ಒಂಟಿಯಾಗಿರುವುದು ಒಳ್ಳೆಯದೂ ಹೌದು, 2012ರ ಜುಲೈಯಲ್ಲಿ ಉತ್ತರ ಭಾರತ ಎಲ್ಲ ಕತ್ತಲಾದಾಗ ನಮ್ಮಲ್ಲಿ ದೀಪ ಉರಿಯುತ್ತಿತ್ತು. ಆದರೆ ನಮಗೇ ಕಷ್ಟ ಬಂದ ದಿನ ಕೈ ಚಾಚಲು ಯಾರೂ ಇರಲ್ಲ.

ಎರಡನೇ ರಾತ್ರಿ ಮನೆಯೊಳಗೆ ನಮ್ಮ ಲೆಕ್ಕದ 7 ಡಿಗ್ರಿಗೆ ಇಳಿಯಿತು. ಆಗ ನಾನು ಹೇಳಬಾರದ್ದು ಹೇಳಿದೆ. ಹಿತ್ತಿಲಲ್ಲಿ ಇದ್ದಲಿನ ಬಾರ್ಬೆಕ್ಯೂ ಒಲೆ ಇದೆಯಲ್ಲ, ಕೆಂಡ ಮಾಡಿ ರೂಮಿಗೆ ತಂದಿಡಿ ಅಂದೆ. ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮಮ್ಮ ಬಾಣಂತಿ ಕೋಣೆಗೆ ಇಡುತ್ತಿದ್ದ ಅಗ್ಗಿಷ್ಟಿಕೆ. ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ನಮ್ಮನೆಯವರು ಫೋನ್ ಕಿತ್ತುಕೊಂಡರು. "ರೀ, ಅದು ಹೆಂಚಿನ ಮನೆ, ಮೇಲೆಲ್ಲ ಸಂದಿ. ಇವರ ಮನೆ ಸಂದಿಗೆಲ್ಲ ನೀವೇ ಟವೆಲ್ ತುರುಕಿಸಿದ್ದೀರಿ. ಮಗೂನ ಡಬ್ಬಿಯಲ್ಲಿ ಹಾಕಿ ಹೊಗೆ ಹಾಕ್ತೀರಾ?" ಅಂದರು.

ನನಗೆ ಮಾತೇ ಬರಲಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಇದು ಕೂತುಬಿಡುತ್ತೆ, ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ತಲೆನೋವು, ನಿದ್ದೆ ಬಂದ ಹಾಗೆ, ಆಮೇಲೆ ಏಳುವುದೇ ಇಲ್ಲ. ಆ ವಾರ ಟೆಕ್ಸಾಸ್‌ನಲ್ಲಿ ಜನ ಹೀಗೂ ಸತ್ತರು. ಇದ್ದಲು ಒಳಗೆ ತಂದು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು. ಚಳಿ, ಹೊಗೆ, ರಸ್ತೆ ಎಲ್ಲ ಸೇರಿ ಸರ್ಕಾರದ ಲೆಕ್ಕದಲ್ಲೇ 246 ಸಾವು. ಅದರಲ್ಲಿ ಮೂರು ನನ್ನ ಮಾತಿನಿಂದ ಸೇರಬಹುದಿತ್ತು ಅನ್ನುವುದು ಈಗಲೂ ಕೆಲವು ರಾತ್ರಿ ನೆನಪಾಗುತ್ತೆ. ಗ್ಯಾಸ್ ಒಲೆಯನ್ನೂ ಅಡುಗೆಗೆ ಮಾತ್ರ ಹಚ್ಚಿ, ಕಾಯಿಸಿಕೊಳ್ಳಲು ಬೇಡ. ಫೋನ್ ಚಾರ್ಜ್ ಮಾಡಲು ಕಾರನ್ನು ಪೂರ್ತಿ ಹೊರಗೆ ತಂದು ಚಾಲೂ ಮಾಡಿ. ಗ್ಯಾರೇಜ್ ಬಾಗಿಲು ತೆರೆದಿದ್ದರೆ ಸಾಕು ಅಂದುಕೊಳ್ಳಬೇಡಿ.

ಅದೇ ರಾತ್ರಿ, ನಮಗೆ ಮಧ್ಯಾಹ್ನ ಮೂರೂವರೆ, ಫೋನ್ ಮಾಡಿದರೆ ಟಣ್ ಶಬ್ದ ಇಲ್ಲ. ನಲ್ಲಿ ಇನ್ನೂ ತಿರುಗಿಸು ಅಂದೆ. ತಿರುಗಿಸಿದಳು, ಏನೂ ಇಲ್ಲ. ಗಡ್ಡೆ ಕಟ್ಟಿದೆ. ಅಳಿಯಂದಿರು ಟಾರ್ಚ್ ಹಿಡಿದು ಹೊರಗೆ ಹೋಗಿ, ಮುಂಚೆ ಕೆದಕಿಟ್ಟಿದ್ದ ವಾಲ್ವ್ ಬಂದ್ ಮಾಡಿ ಬಂದರು. ಎಲ್ಲ ನಲ್ಲಿ ತೆರೆದು ಒಳಗಿದ್ದ ನೀರು ಬಿಟ್ಟರು. ಆಮೇಲೆ ಟಬ್ಬಿನ ನೀರೇ ಗತಿ.

ಮೂರನೇ ರಾತ್ರಿಯೂ ಹಾಗೇ ಕಳೆಯಿತು. ಕರೆಂಟ್ ಬಂದದ್ದು ಅವರ 17ನೇ ತಾರೀಖು ಸಂಜೆ. ಆದರೆ ಪೈಪ್ ಒಡೆದದ್ದು ಗೊತ್ತಾಗುವುದು ಕರಗಿದ ಮೇಲೆ. ಪಕ್ಕದ ಮನೆಯವರು ಖುಷಿಯಲ್ಲಿ ನೀರು ಪೂರ್ತಿ ಬಿಟ್ಟರು, ಹತ್ತು ನಿಮಿಷದಲ್ಲಿ ಅವರ ಹಾಲ್‌ನ ಸೀಲಿಂಗ್ ಸೋಫಾ ಮೇಲೆ ಬಿತ್ತು. ನಾವು ಒಂದು ರಾತ್ರಿ ಮನೆ ಪೂರ್ತಿ ಬೆಚ್ಚಗಾಗಲಿ ಅಂತ ಬಿಟ್ಟು, ಮಾರನೇ ಬೆಳಿಗ್ಗೆ ವಾಲ್ವ್ ಕಾಲು ಭಾಗ ಮಾತ್ರ ತಿರುಗಿಸಿದೆವು. ನಮಗೆ ಸಂಜೆ ಏಳೂವರೆ. ಮಗಳು ಫೋನ್ ಹಿಡಿದು ಗೋಡೆ ಗೋಡೆಗೂ ಕಿವಿಯಿಟ್ಟಳು, ಬಚ್ಚಲು, ಅಡುಗೆಮನೆ, ಆಮೇಲೆ ಏಣಿ ಹತ್ತಿ ಅಟ್ಟ. ನಾನು ಉಸಿರು ಹಿಡಿದು ಕೇಳುತ್ತಿದ್ದೆ.

ಸುಯ್ ಅಂತ ಬಂತು.

"ವಾಲ್ವ್ ಬಂದ್ ಮಾಡು, ಬಂದ್ ಮಾಡು, ಲೀಕ್ ಆಗ್ತಿದೆ!" ಅಂತ ಕೂಗಿದೆ. ಅಳಿಯಂದಿರು ಓಡಿದ ಸದ್ದು ಕೇಳಿಸಿತು. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ನಮ್ಮನೆಯವರು ಹೇಳಿದರು, "ಇನ್ನೊಂದು ಕೂಗು ಬರಲಿ ಕಣ್ರೀ, ಬೇಳೆ ಬೆಂದಿಲ್ಲ."