ಉಳಿಯುವುದಕ್ಕೆಲ್ಲ ‘ಪರ್ಮನೆಂಟ್’ ಅನ್ನಬೇಡಿ

ಇಂಗ್ಲಿಷ್ ಪತ್ರ, ವರದಿಗಳನ್ನು ತಿದ್ದುವುದೇ ನನ್ನ ಕೆಲಸ. ನನ್ನ ಕೆಂಪು ಪೆನ್ನಿಗೆ ಜಾಸ್ತಿ ಸಿಗುವ ಪದ ಪರ್ಮನೆಂಟ್. ಗೆಳೆತನವೂ ಪರ್ಮನೆಂಟ್, ಕೆಮ್ಮೂ ಪರ್ಮನೆಂಟ್! ಬದಲಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದಾದ ಕಡೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಕೆಲಸ, ವಿಳಾಸ, ಅಳಿಸಲಾಗದ ಶಾಯಿ, ಇಂಥವಕ್ಕೆ ಸರಿ.

ಉಳಿದ ಕಡೆ ಪದ ಹುಡುಕುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದು ಉಳಿಯಲಿ ಅಂತ ಆಸೆಯಾ, ತೊಲಗಿದರೆ ಸಾಕಪ್ಪಾ ಅನಿಸುತ್ತಿದೆಯಾ?

ಉಳಿಯಲಿ ಅನ್ನುವುದು ಬಳಸುವ ವಸ್ತುವಾದರೆ ಡ್ಯೂರಬಲ್. ಬ್ಯಾಗು, ಬಟ್ಟೆ, ಬೂಟು ಬೇಗ ಸವೆಯದೆ ಬಾಳಿಕೆ ಬಂದರೆ ಈ ಪದ. ಪ್ರೀತಿಗೆ ಡ್ಯೂರಬಲ್ ಅಂದರೆ ಸೂಟ್‌ಕೇಸನ್ನು ಹೊಗಳಿದ ಹಾಗಿರುತ್ತದೆ. ಪ್ರೀತಿಗೆ, ಹೆಸರಿಗೆ ಎಂಡ್ಯೂರಿಂಗ್ ಒಪ್ಪುತ್ತದೆ. ಎಂಡ್ಯೂರ್ ಅಂದರೆ ತಾಳಿಕೊಳ್ಳುವುದು ಅಂತಲೂ ಇದೆ, ಅಲ್ವಾ? ಏನೇನೋ ತಾಳಿಕೊಂಡು ಉಳಿದದ್ದು ಅನ್ನುವ ತೂಕ ಆ ಪದಕ್ಕಿದೆ. ಗೊಂದಲವಾದರೆ ಲಾಸ್ಟಿಂಗ್ ಬರೆಯಿರಿ. ಶಾಂತಿಗೂ ಆಗುತ್ತದೆ, ಹಾನಿಗೂ ಆಗುತ್ತದೆ.

ತೊಲಗಲಿ ಅನ್ನುವ ಕಡೆಯೇ ಮಜಾ ಜಾಸ್ತಿ. ಕ್ರಾನಿಕ್ ಅಂದರೆ ‘ತುಂಬಾ ತೀವ್ರ’ ಎಂದು ಅನೇಕರು ತಿಳಿದಿದ್ದಾರೆ. ವೈದ್ಯರು ಕ್ರಾನಿಕ್ ಅಂದಾಗ ಹೇಳುತ್ತಿರುವುದು ಕಾಯಿಲೆ ಎಷ್ಟು ಕಾಲದ್ದು ಅಂತ, ಎಷ್ಟು ಜೋರು ಅಂತ ಅಲ್ಲ. ಪದದ ಮೂಲವೇ ಕಾಲ ಎಂಬ ಅರ್ಥದ ಗ್ರೀಕ್ ಪದ ಕ್ರೋನೋಸ್. ಸಣ್ಣ ನೋವು ಕೂಡ 3 ತಿಂಗಳು ದಾಟಿದರೆ ಸಾಮಾನ್ಯವಾಗಿ ಕ್ರಾನಿಕ್ ಅನ್ನಿಸಿಕೊಳ್ಳುತ್ತದೆ. ಬಿಡದೆ ಕಾಡುವ ಕೆಮ್ಮು ಪರ್ಸಿಸ್ಟೆಂಟ್. ಮನುಷ್ಯರಿಗೆ ಈ ಪದ ಹಚ್ಚುವಾಗ ಹುಷಾರು. ಛಲಗಾರ ಅಂತಲೂ ಆಗಬಹುದು, ಬೆನ್ನು ಬಿಡದವ ಅಂತಲೂ ಆಗಬಹುದು. ಹೋಗಬೇಕಾದದ್ದು ಪೂರ್ತಿ ಹೋಗದೆ ಸುಳಿದಾಡುತ್ತಿದ್ದರೆ ಲಿಂಗರಿಂಗ್: ವಾಸನೆ, ಅನುಮಾನ. ನನಗೆ ತುಂಬಾ ಇಷ್ಟವಾದ ಪದ ಇದು. ಹೋಗದ ಕಲೆಗೆ ಸ್ಟಬ್ಬರ್ನ್ ಸಾಕು.

ಪೆರೆನಿಯಲ್ ಸ್ವಲ್ಪ ಬೇರೆ. ಸಸ್ಯಶಾಸ್ತ್ರದಲ್ಲಿ 2 ವರ್ಷಕ್ಕಿಂತ ಹೆಚ್ಚು ಬದುಕುವ ಗಿಡ ಪೆರೆನಿಯಲ್. ಸಮಸ್ಯೆಗೆ ಹೇಳಿದರೆ, ಹೋಯಿತು ಅಂದುಕೊಂಡಾಗಲೆಲ್ಲ ಮತ್ತೆ ತಲೆ ಎತ್ತುವಂಥದ್ದು. ಪ್ರತಿ ಮಳೆಗಾಲಕ್ಕೂ ಸೋರುವ ಚಾವಣಿಗೆ ಇದಕ್ಕಿಂತ ಒಳ್ಳೆಯ ಪದ ಇಲ್ಲ.

ಇನ್ನು ಕ್ರಿಯಾಪದ. ‘ಈ ಸೋಪು ಒಂದು ತಿಂಗಳು ಬರುತ್ತೆ’ ಅನ್ನುವುದನ್ನು ನಾವು ‘ದಿಸ್ ಸೋಪ್ ವಿಲ್ ಕಮ್ ಫಾರ್ ಒನ್ ಮಂತ್’ ಅಂತ ಬರೆದುಬಿಡುತ್ತೇವೆ. ಓದಿದವರಿಗೆ ಸೋಪು ಎಲ್ಲಿಂದ ಬರುತ್ತಿದೆ ಅನ್ನುವ ಚಿಂತೆ! ‘ವಿಲ್ ಲಾಸ್ಟ್ ಎ ಮಂತ್’ ಅನ್ನಿ, ನಡುವೆ ‘ಫಾರ್’ ಕೂಡ ಬೇಕಿಲ್ಲ. ಬ್ಯಾಟರಿ 10 ಗಂಟೆ ಬರುತ್ತದೆ ಅನ್ನಲು ‘ಲಾಸ್ಟ್ಸ್’ ಸಾಕು, ಸುಮ್ನೆ ‘ಈಸ್ ಲಾಸ್ಟಿಂಗ್’ ಮಾಡಬೇಡಿ.

ಕೊನೆಗೊಂದು ಜೋಡಿ. ಒಂದು ಕ್ಷಣವೂ ನಿಲ್ಲದ ಸದ್ದು ಕಂಟಿನ್ಯೂಯಸ್. ನಿಂತು ನಿಂತು ಮತ್ತೆ ಮತ್ತೆ ಬರುವ ಫೋನ್ ಕರೆಗಳು ಕಂಟಿನ್ಯುಯಲ್. ಮಾತಿನಲ್ಲಿ ಎರಡೂ ಬೆರೆತುಹೋಗುತ್ತವೆ, ಯಾರೂ ಜಗಳಕ್ಕೆ ಬರುವುದಿಲ್ಲ. ದೂರಿನ ಪತ್ರದಲ್ಲಿ ಮಾತ್ರ ನೋಡಿಕೊಂಡು ಬರೆಯಿರಿ.