ಮನ್ಯಾಗ ಫೋನೋ ಪ್ರಿಆಂಪ್ ಮಾಡೂದು: ಚಿಪ್ ಬದಲಿಸೂಕಿಂತ ಮೊದಲ ಹಮ್ಮು (ಗುಂಯ್ ಅನ್ನೂ ಸದ್ದು) ತಗೀರಿ

ಬಾಗಲಕೋಟಿ ಹಳೇ ಊರಾಗಿನ ಮನಿ ಹಿನ್ನೀರಿಗೆ ಹೋಗಿ ನವನಗರಕ್ಕ ಬಂದಾಗ ಅಜ್ಜನ ರೆಕಾರ್ಡ್ ಪೆಟ್ಟಿಗಿನೂ ನಮ್ಮ ಜೋಡಿ ಬಂತು. ಮುಂದ ಎಷ್ಟೋ ವರ್ಷಕ್ಕ ಟರ್ನ್‌ಟೇಬಲ್ ತಂದು ಸೀದಾ ಆಂಪ್ಲಿಫೈಯರ್‌ದ ಆಕ್ಸ್‌ಗೆ ಹಚ್ಚಿದ್ರ ಹಾಡು ಎಲ್ಲೋ ದೂರದಾಗಿಂದ ಕೇಳಿದಂಗ ಆತು, ಬೇಸ್ ಅಂತೂ ಇಲ್ಲೇ ಇಲ್ಲ. ಯಾಕಂದ್ರ ಮುಳ್ಳು ಕೂಡೂ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೂದು ಬರೇ 3ರಿಂದ 5 ಮಿಲಿವೋಲ್ಟ್, ಅದರ ಮ್ಯಾಲ ಎಲ್‌ಪಿ ಕೊರಿಯುವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರ್ತಾರ, ಆ ಸಣ್ಣ ಸಿಗ್ನಲ್ ದೊಡ್ಡದು ಮಾಡಿ, ಆರ್‌ಐಎಎ (ಅಮೇರಿಕಾದ ರೆಕಾರ್ಡ್ ಕಂಪನಿಗಳ ಸಂಘ) ಗೊತ್ತು ಮಾಡಿದ ಕರ್ವ್ ಪ್ರಕಾರ ತಿರುಗಿಸಿ ಸರಿ ಮಾಡೂದ ಫೋನೋ ಪ್ರಿಆಂಪ್ ಕೆಲಸ.

ಚಿಪ್ ಎನ್‌ಇ5532 ಸಾಕು, ಒಂದರಾಗ ಎರಡೂ ಚಾನೆಲ್ ಆಗ್ತಾವು. ಇನ್‌ಪುಟ್‌ದಿಂದ ಗ್ರೌಂಡಿಗೆ 47 ಕಿಲೋಓಮ್. ಫೀಡ್‌ಬ್ಯಾಕ್‌ನ್ಯಾಗ (ಔಟ್‌ಪುಟ್‌ದಿಂದ ಇನ್ವರ್ಟಿಂಗ್ ಪಿನ್‌ಗೆ ತಿರುಗಿ ಬರೂ ದಾರ್ಯಾಗ) ಎರಡು ಜೋಡಿ ಸಾಲಾಗಿ (ಸೀರೀಸ್) ಹಾಕ್ರಿ: 270 ಕಿಲೋಓಮ್‌ಗೆ 12 ನ್ಯಾನೋಫ್ಯಾರಡ್ ಪ್ಯಾರಲಲ್, ಆಮ್ಯಾಲ 22 ಕಿಲೋಓಮ್ ಮತ್ತ 680 ಓಮ್ ಸೇರಿಸಿ ಅದಕ್ಕ 3.3 ನ್ಯಾನೋಫ್ಯಾರಡ್ ಪ್ಯಾರಲಲ್. ಇನ್ವರ್ಟಿಂಗ್ ಪಿನ್‌ನಿಂದ ಗ್ರೌಂಡಿಗೆ 330 ಓಮ್, ಅದರ ಸಾಲಿಗೆ 220 ಮೈಕ್ರೋಫ್ಯಾರಡ್. ಇಷ್ಟಾದ್ರ 1000 ಹರ್ಟ್ಜ್‌ಗೆ ಗೇನ್ (ಸಿಗ್ನಲ್ ದೊಡ್ಡದಾಗೂ ಪ್ರಮಾಣ) ಸುಮಾರು 39 ಡಿಬಿ ಸಿಗತೈತಿ, ಕರ್ವೂ ಚಂದ ಕೂಡತೈತಿ. ರೆಸಿಸ್ಟರ್ 1% ಮೆಟಲ್ ಫಿಲ್ಮ್, ಫೀಡ್‌ಬ್ಯಾಕ್‌ನ ಎರಡು ಕೆಪಾಸಿಟರ್ ಪಾಲಿಪ್ರೊಪಿಲೀನ್ ಇರಲಿ, ಈ ಜಾಗಾದಾಗ ಸೆರಾಮಿಕ್ ಡಿಸ್ಕ್ ಬ್ಯಾಡವೇ ಬ್ಯಾಡ. ನಾಕಾರು ಹೆಚ್ಚಿಗಿ ತಂದು ಮೀಟರ್‌ನ್ಯಾಗ ಅಳದು ಎಡಾ ಬಲಾ ಒಂದಕ್ಕೊಂದು ಹೊಂದೂವಂಥಾ ಜೋಡಿ ಆರಿಸ್ಕೋರಿ. ಔಟ್‌ಪುಟ್‌ಗೆ 4.7 ಮೈಕ್ರೋಫ್ಯಾರಡ್, ಅದರ ಮುಂದ ಗ್ರೌಂಡಿಗೆ 100 ಕಿಲೋಓಮ್.

ಸಪ್ಲೈಗೆ 15-0-15 ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, ಎರಡೂ ಕಡೆ 2200 ಮೈಕ್ರೋಫ್ಯಾರಡ್ 35 ವೋಲ್ಟ್, 7815 ಮತ್ತ 7915 ರೆಗ್ಯುಲೇಟರ್. ಚಿಪ್ಪಿನ 8 ಮತ್ತ 4ನೇ ಪಿನ್ನಿಗೆ ಅಂಟಿದಂಗ 100 ನ್ಯಾನೋಫ್ಯಾರಡ್ ಇರಬೇಕು. ಸಾಕೆಟ್‌ನ್ಯಾಗ ಚಿಪ್ ಕೂಡಸೂಕಿಂತ ಮೊದಲ ಪ್ಲಸ್ ಮೈನಸ್ 15 ಬರತೈತಿಲ್ಲೊ ಅಳೀರಿ. 230 ವೋಲ್ಟ್ ಕಡೆ ಫ್ಯೂಸ್ ಹಾಕಿ, ತೆರದ ವೈರ್ ಎಲ್ಲೂ ಕಾಣದಂಗ ಸ್ಲೀವ್ ಹಾಕ್ರಿ, ಕಬ್ಬಿಣ ಡಬ್ಬಿಗೆ ಅರ್ಥಿಂಗ್ ಕೊಡ್ರಿ, ಇದರಾಗ ಅವಸರ ಮಾಡಬ್ಯಾಡ್ರಿ.

ಈಗ ಅಪ್‌ಗ್ರೇಡ್ ವಿಚಾರ. ಎಲ್ಲಾರೂ ಮೊದಲ ತುಟ್ಟಿ ಚಿಪ್ ಹುಡಕತಾರ, ನಾನೂ ಹಂಗ ಮಾಡಿ ರೊಕ್ಕಾ ಕಳಕೊಂಡೆ, ಹಮ್ಮಿನ ಸದ್ದು ಒಂಚೂರೂ ಕಡಿಮಿ ಆಗಲಿಲ್ಲ. ಕರ್ವಿನ ಲೆಕ್ಕ ನೋಡ್ರಿ, 1000 ಹರ್ಟ್ಜ್‌ಗೆ ಹೋಲಿಸಿದ್ರ 50 ಹರ್ಟ್ಜ್‌ನ ಈ ಸರ್ಕ್ಯೂಟ್ 17 ಡಿಬಿ ಏರಸತೈತಿ, ನಮ್ಮ ಕರೆಂಟೂ 50 ಹರ್ಟ್ಜೇ, ಅಂದ್ರ ಒಳಗ ಹೊಕ್ಕ ಹಮ್ಮನ್ನ ನಾವ ಕೈಯಾರೆ ಬೆಳಸಿದಂಗ ಆಗತೈತಿ. ಅದಕ್ಕ ಟ್ರಾನ್ಸ್‌ಫಾರ್ಮರ್‌ನ ಬ್ಯಾರೆ ಡಬ್ಬ್ಯಾಗ ಹಾಕಿ ಒಂದು ಮೊಳ ದೂರ ಇಡ್ರಿ. ನಂದು ಒಂದ ಡಬ್ಬ್ಯಾಗ ಇತ್ತು, ಹೊರಗ ತಗದ ದಿನಾ ರಾತ್ರಿ ಮೊದಲನೇ ಸಲ ಹಾಡಿನ ನಡುವಿನ ಮೌನ ಕೇಳಿದೆ, ಅವತ್ತು ಒಂದು ಎಲ್‌ಪಿ ಎರಡೂ ಕಡೆ ಪೂರಾ ಕೇಳಿ ಮಲಗಿದೆ. ಗ್ರೌಂಡ್ ವೈರ್ ಎಲ್ಲಾ ಒಂದ ಜಾಗಾದಾಗ ಕೂಡಬೇಕು, ಟರ್ನ್‌ಟೇಬಲ್‌ದ ಗ್ರೌಂಡ್ ತಂತೀನೂ ಡಬ್ಬಿಗೆ ಬಿಗೀರಿ. ಇನ್ನೂ ಸದ್ದೈತಿ ಅಂದ್ರ ಟರ್ನ್‌ಟೇಬಲ್ ಕೇಬಲ್ ತಗದು ಇನ್‌ಪುಟ್ ಶಾರ್ಟ್ ಮಾಡಿ ಕೇಳ್ರಿ: ಹಮ್ಮು ಹೋತಂದ್ರ ತಪ್ಪು ಕೇಬಲ್ ಇಲ್ಲಾ ಟರ್ನ್‌ಟೇಬಲ್ ಕಡೆ, ಹೋಗಲಿಲ್ಲಂದ್ರ ಸಪ್ಲೈ ಇಲ್ಲಾ ಗ್ರೌಂಡ್. ಇದು ಮುಗದ ಮ್ಯಾಲ 7815, 7915 ಬದಲಿಗೆ ಎಲ್‌ಎಂ317, 337 ರೆಗ್ಯುಲೇಟರ್ ಹಾಕೂ ಆಶಾ ಇದ್ರ ಹಾಕ್ರಿ.

ಇನ್ನೊಂದು, ಪೆಟ್ಟಿಗ್ಯಾಗ 78 ರೆಕಾರ್ಡ್ (ನಿಮಿಷಕ್ಕ 78 ಸುತ್ತು ತಿರುಗೂ ಹಳೇವು) ಇದ್ದವರಿಗೆ. ನನ್ನ ಹತ್ರ ನಮ್ಮ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಹಾಡಿದ್ದು ಒಂದೈತಿ, ಅಂಥಾವು ಆರ್‌ಐಎಎಕಿಂತ ಮೊದಲಿನವು, ಎಲ್‌ಪಿ ಕರ್ವ್‌ನ್ಯಾಗ ಧ್ವನಿ ಕಂಬಳಿ ಹೊದ್ದಂಗ ಮಂಕಾಗತೈತಿ. 3.3 ನ್ಯಾನೋಫ್ಯಾರಡ್ ಕೆಪಾಸಿಟರ್‌ಗೆ ಸ್ವಿಚ್ ಹಾಕಿ ಅದನ್ನ ಬಿಡಿಸಿದ್ರ ಟ್ರೆಬಲ್ ಇಳಿಸೂದು ನಿಂತು ದನಿ ಬಿಚ್ಚಕೊಳ್ತೈತಿ, ಬೇಸ್ ಮಾತ್ರ ಕಂಪನಿಗೊಂದು ರೀತಿ ಇತ್ತು, ಅದನ್ನ ಟೋನ್ ಕಂಟ್ರೋಲ್‌ನ್ಯಾಗ ಕಿವಿಯಿಂದ ಸರಿ ಮಾಡ್ಕೋಬೇಕು. ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿದ್ರ ಗೊರಗೊರ ಸದ್ದೂ ಕಡಿಮಿ ಆಗತೈತಿ. ಮುಳ್ಳು 78ಕ್ಕಂತ ಬ್ಯಾರೇನೇ ಬೇಕು, ಅದರ ತುದಿ ದಪ್ಪ. ಸ್ವಿಚ್ಚಿಗೆ ಹೋಗೂ ವೈರ್ ಬೆರಳಿಗಿಂತ ಗಿಡ್ಡ ಇರಲಿ, ಉದ್ದ ಆದ್ರ ಅಲ್ಲಿಂದ ಹಮ್ಮು ಮತ್ತ ಒಳಗ ಬರತೈತಿ.